ನೀರಿನ ದಾರಿ ಮೊದಲು: ಹಳೆ ಅಂಬಾಸಿಡರ್, ಬೇರೆ ಇಂಜಿನ್ ಮತ್ತು ಎಸಿ

(ಬಳ್ಳಾರಿಯಲ್ಲಿ ಹಳೆ ಕಾರು ಇಟ್ಟುಕೊಂಡ ಗೆಳೆಯರು ಮತ್ತು ಐಟಿಐ ಹುಡುಗರ ಮುಂದೆ ಒಂದು ಭಾನುವಾರ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಮೂರು ಸಾಮಾನು ಇಟ್ಟಿದ್ದೇನೆ. ಒಂದು ಸೀಳಿದ ರಬ್ಬರ್ ಹೋಸ್. ಒಂದು ಬಗ್ಗಿಸಿದ ಜಿಐ ತಂತಿ. ಒಂದು ಗೇಣುದ್ದದ ಸ್ಟೀಲ್ ಪೈಪ್, ಅದರ ಎರಡೂ ತುದಿಗೆ ಸಣ್ಣ ತುಟಿ ಇದೆ. ಇವತ್ತಿನ ಮಾತೆಲ್ಲ ಈ ಮೂರರ ಬಗ್ಗೆಯೇ. ಮೊದಲು ಸೀಳಿದ ಹೋಸ್ ಕಥೆ ಹೇಳುತ್ತೇನೆ.

ನನ್ನ ಅಂಬಾಸಿಡರ್ ನಮ್ಮ ದೊಡ್ಡಪ್ಪ ಓಡಿಸುತ್ತಿದ್ದ ಕಾರು. ಅವರು ತೀರಿಕೊಂಡ ಮೇಲೆ ಬಹಳ ದಿನ ಶೆಡ್ಡಿನಲ್ಲಿ ನಿಂತಿತ್ತು. ಅಂಬಾಸಿಡರ್ ನಮ್ಮಲ್ಲಿಗೆ ಬಂದದ್ದು 1957ರಲ್ಲಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರೇ ಅದರ ಮೂಲ. 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಬಹುಕಾಲ ಅದರಲ್ಲಿ ಇದ್ದದ್ದು 1489 ಸಿಸಿ ಇಂಜಿನ್. 1990ರ ದಶಕದಲ್ಲಿ ಇಸುಜು ಕಂಪನಿಯ 1817 ಸಿಸಿ ಪೆಟ್ರೋಲ್ ಇಂಜಿನ್ ಮತ್ತು ಐದು ಗೇರಿನ ಗೇರ್‌ಬಾಕ್ಸ್ ಬಂತು. ಹಳೆ ಇಂಜಿನ್ ಸೋತಾಗ ನಾನು ಹಾಕಿಸಿದ್ದು ಈ ಇಸುಜು ಇಂಜಿನ್ನನ್ನೇ. ಇಂಜಿನ್ ಬದಲಿಸುವ ಮೊದಲು ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಬರಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅದನ್ನು ಹೇಳುತ್ತದೆ. ಈ ಕೆಲಸ ಬಿಟ್ಟರೆ ಮುಂದೆ ಇನ್ಶೂರೆನ್ಸ್ ಹೊತ್ತಿಗೆ ಅಳಬೇಕಾಗುತ್ತದೆ.

ಇಂಜಿನ್ ಚೆನ್ನಾಗಿ ಕೂತಿತು. ಆಮೇಲೆ ಅಮ್ಮನಿಗೆ ಅನುಕೂಲ ಆಗಲಿ ಅಂತ ಎಸಿ ಹಾಕಿಸಿದೆ. ಬೇರೆ ಊರಿನ ಒಂದು ವರ್ಕ್‌ಶಾಪ್. ಅವರು ಎಸಿ ಗ್ಯಾಸನ್ನು ಒತ್ತುವ ಕಂಪ್ರೆಸರ್‌ಗೆ ಬ್ರಾಕೆಟ್ ವೆಲ್ಡ್ ಮಾಡಿ, ಇಂಜಿನ್ನಿನ ಕೆಳಗೆ ಒಂದು ಪಕ್ಕಕ್ಕೆ ಕೂರಿಸಿದರು. ಇಂಜಿನ್ನಿನ ನೀರನ್ನು ತಂಪು ಮಾಡುವ ರೇಡಿಯೇಟರಿನ ಕೆಳಗಿನ ಹೋಸ್ ಹೋಗುತ್ತಿದ್ದದ್ದು ಅದೇ ಪಕ್ಕದಲ್ಲಿ. ಆಗ ಅವರು ಹೋಸನ್ನು ಒತ್ತಿ, ಬ್ರಾಕೆಟ್ಟಿಗೇ ಪ್ಲಾಸ್ಟಿಕ್ ಟೈ ಹಾಕಿ ಕಟ್ಟಿಬಿಟ್ಟರು. ಬೆಲ್ಟ್ ತಿರುಗಿಸುವ ಕಂಪ್ರೆಸರ್ ಪುಲ್ಲಿಗೂ ಹೋಸಿಗೂ ನಡುವೆ ಒಂದು ಬೆರಳಿನ ಜಾಗ ಇತ್ತು. ನಾನೂ ನೋಡಿದೆ. ಸಾಕು ಅನ್ನಿಸಿತು.

ಮೇ ತಿಂಗಳು. ಹೊಸಪೇಟೆಯಲ್ಲಿ ನೆಂಟರ ಮದುವೆ. ಅಮ್ಮ, ಹೆಂಡತಿ, ಇಬ್ಬರು ಮಕ್ಕಳು ಕಾರಿನಲ್ಲಿ. ಕುಡತಿನಿ ದಾಟುವ ಮೊದಲು ಲಾರಿಗಳ ಸಾಲು ನಿಂತಿತ್ತು. ಎದುರಿಗೆ ವಿದ್ಯುತ್ ಕೇಂದ್ರದ ಚಿಮಣಿ ಕಾಣುತ್ತಿತ್ತು. ಎಸಿ ಓಡುತ್ತಿತ್ತು. ಸಾಲು ಸರಿದಾಗ ಒಂದನೇ ಗೇರಿನಲ್ಲಿ ಸ್ವಲ್ಪ ಜೋರಾಗಿ ಎಳೆದೆ. ಫಟ್ ಅಂತ ಶಬ್ದ ಬಂತು, ಬಾನೆಟ್ ಕೆಳಗಿಂದ ಆವಿ ಎದ್ದಿತು. ನಾನು ಕಾರನ್ನು ಬದಿಗೆ ತರುವಷ್ಟರಲ್ಲಿ ನೀರೆಲ್ಲ ರಸ್ತೆ ಮೇಲಿತ್ತು. ಬಿಸಿಲಲ್ಲಿ ಅಮ್ಮ ಒಂದು ಗಂಟೆ ಕೂರಬೇಕಾಯಿತು. ಇಂಜಿನ್ನಿನ ತಲೆಭಾಗ, ಅಂದರೆ ಹೆಡ್, ಸೋರದಂತೆ ಕೆಳಗೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಯಿತು, ಹೆಡ್ಡನ್ನು ಮತ್ತೆ ಮಟ್ಟ ಮಾಡಿಸಬೇಕಾಯಿತು. ದುಡ್ಡಿನ ಮಾತು ಬಿಡಿ. ಆ ಒಂದು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ.

ಈ ಸೀಳು ನೋಡಿ, ಕೈಗೆ ತೆಗೆದುಕೊಂಡು ನೋಡಿ. ಚಾಕುವಿನಲ್ಲಿ ಕೊಯ್ದ ಹಾಗಿದೆ, ಅಲ್ವಾ? ಇಂಜಿನ್ ಸುಮ್ನೆ ನಿಂತಾಗ ಇದ್ದ ಬೆರಳಿನ ಜಾಗ, ಇಂಜಿನ್ ಎಳೆದಾಗ ಇರಲಿಲ್ಲ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಪಕ್ಕ ಏಳುತ್ತದೆ, ಇನ್ನೊಂದು ಪಕ್ಕ ಕುಸಿಯುತ್ತದೆ. ರೇಡಿಯೇಟರ್ ಮಾತ್ರ ಬಾಡಿಗೆ ಬಿಗಿದುಕೊಂಡು ಅಲ್ಲೇ ಇರುತ್ತದೆ. ಓಲಾಡುವ ಇಂಜಿನ್ನಿಗೂ ನಿಂತ ರೇಡಿಯೇಟರಿಗೂ ನಡುವೆ ಇರುವ ಕೊಂಡಿ ಹೋಸ್. ಅದಕ್ಕೆ ಅಲುಗಾಡಲು ಜಾಗ ಬೇಕೇ ಬೇಕು.

ಹೋಸ್ ಕೆಟ್ಟದ್ದಲ್ಲ, ಹೊಸದೇ ಇತ್ತು. ತಪ್ಪಾದದ್ದು ಕೆಲಸದ ವರಸೆಯಲ್ಲಿ. ಮೊದಲು ಇಂಜಿನ್, ಆಮೇಲೆ ಕಂಪ್ರೆಸರ್, ಆಮೇಲೆ ಎಸಿ ಪೈಪ್, ಕೊನೆಗೆ ಉಳಿದ ಸಂದಿಯಲ್ಲಿ ನೀರಿನ ಹೋಸ್. ಬಹಳ ಕಡೆ ನಡೆಯುವುದು ಹೀಗೇ. ಇದು ತಿರುಗಬೇಕು ಅನ್ನುವುದಕ್ಕೇ ನಾನು ಇವತ್ತು ಬಂದಿದ್ದೇನೆ. ನಮ್ಮ ಕಡೆಯವರಿಗೆ ಇದು ಹೊಸ ಮಾತಲ್ಲ. ತುಂಗಭದ್ರೆಯ ಎಲ್‌ಎಲ್‌ಸಿ (ಕೆಳಮಟ್ಟದ), ಎಚ್‌ಎಲ್‌ಸಿ (ಮೇಲ್ಮಟ್ಟದ) ಕಾಲುವೆ ನೋಡಿ ಬೆಳೆದವರು ನಾವು. ನೀರಿನ ಮಟ್ಟ ನೋಡಿ ಮೊದಲು ಕಾಲುವೆ ಗುರುತು ಹಾಕುತ್ತಾರೆ. ರಸ್ತೆ, ಮನೆ, ಕಣ ಎಲ್ಲ ಅದಕ್ಕೆ ಹೊಂದಿಕೊಳ್ಳುತ್ತವೆ. ಮನೆ ಕಟ್ಟಿ, ಆಮೇಲೆ ಕಾಲುವೆಯನ್ನು ಅದರ ಸುತ್ತ ಬಳಸಿ ಒಯ್ದರೆ ಕೊನೆ ಭಾಗದ ರೈತನಿಗೆ ನೀರು ಮುಟ್ಟುತ್ತದಾ? ಕಾರಿನಲ್ಲೂ ಹಾಗೇ. ಕಂಪ್ರೆಸರ್ ಬ್ರಾಕೆಟ್ ವೆಲ್ಡ್ ಮಾಡುವ ಮೊದಲು ಮೇಲಿನ ಹೋಸ್, ಕೆಳಗಿನ ಹೋಸ್ ಎಲ್ಲಿ ಹೋಗುತ್ತವೆ ಅನ್ನುವುದು ತೀರ್ಮಾನ ಆಗಿರಬೇಕು.

ಬಳ್ಳಾರಿಯಲ್ಲಿ ಇದು ಯಾಕೆ ಇನ್ನೂ ಜಾಸ್ತಿ ಮುಖ್ಯ ಅಂತ ಒಂದು ಲೆಕ್ಕ ಹೇಳುತ್ತೇನೆ. ಎಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆ ಕೂರುತ್ತದೆ. ಕಾರಿನ ಒಳಗಿನ ಬಿಸಿಯನ್ನು ಅಲ್ಲಿ ಗಾಳಿಗೆ ಬಿಡುತ್ತದೆ. ಆ ಗಾಳಿಯೇ ಹಿಂದಿನ ರೇಡಿಯೇಟರಿಗೆ ಹೋಗುತ್ತದೆ. ಹೊರಗೆ 42 ಡಿಗ್ರಿ ಅನ್ನಿ. ನೀರು 90 ಡಿಗ್ರಿ ಅನ್ನಿ. ನಡುವಿನ ಅಂತರ 48. ರೇಡಿಯೇಟರ್ ಬಿಸಿ ಕಳೆಯುವುದು ಈ ಅಂತರದ ಬಲದಿಂದ. ಕಂಡೆನ್ಸರ್ ದಾಟಿ ಬಂದ ಗಾಳಿ 12 ಡಿಗ್ರಿ ಬಿಸಿಯಾಗಿ 54 ಆದರೆ ಅಂತರ 36ಕ್ಕೆ ಇಳಿಯಿತು. ಅದೇ ರೇಡಿಯೇಟರ್, ಅದೇ ಫ್ಯಾನ್, ಕಾಲು ಭಾಗ ಶಕ್ತಿ ಕಡಿಮೆ. ಮೇಲಿಂದ ಕಂಪ್ರೆಸರ್ ತಿರುಗಿಸುವ ಭಾರ ಬೇರೆ ಇಂಜಿನ್ ಮೇಲೆ. ಇಂಥ ಹೊತ್ತಲ್ಲಿ ಹೋಸ್ ಒಂದು ಕಡೆ ಮಡಚಿಕೊಂಡು ನೀರಿನ ಹರಿವು ಕಡಿಮೆ ಆದರೆ ಉಳಿಯುವ ದಾರಿ ಇಲ್ಲ. ತಂಪು ಊರಿನಲ್ಲಿ ನಡೆದುಹೋಗುವ ತಪ್ಪು ನಮ್ಮಲ್ಲಿ ನಡೆಯುವುದಿಲ್ಲ.

ಈಗ ಎರಡು ಹೋಸ್‌ಗಳ ಗುಣ. ಐಟಿಐ ಹುಡುಗರೇ, ನಿಮ್ಮಲ್ಲಿ ಹೊಲದಲ್ಲಿ ಪಂಪ್‌ಸೆಟ್ ಇದ್ದವರು ಯಾರಿದ್ದೀರಿ? ಸುಮಾರು ಜನ ಇದ್ದೀರಿ. ಪಂಪಿನಿಂದ ಹೊರಗೆ ಹೋಗುವ ಪೈಪ್ ಎಂಥದ್ದು? ಚಪ್ಪಟೆ ಮಡಚುವ ತೆಳು ಪೈಪ್ ಹಾಕಿದರೂ ನಡೆಯುತ್ತದೆ, ನೀರೇ ಅದನ್ನು ಉಬ್ಬಿಸುತ್ತದೆ. ಬಾವಿಯಿಂದ ಎಳೆಯುವ ಸಕ್ಷನ್ ಪೈಪ್? ಅದು ಬಳೆ ಬಳೆ ಇರುವ ಗಟ್ಟಿ ಪೈಪೇ ಆಗಬೇಕು. ತೆಳು ಪೈಪ್ ಹಾಕಿದರೆ ಪಂಪ್ ಎಳೆದಾಗ ಚಪ್ಪಟೆ ಆಗುತ್ತದೆ. ಕಾರಿನಲ್ಲೂ ಅದೇ. ಮೇಲಿನ ಹೋಸ್ ಇಂಜಿನ್ನಿಂದ ಬಿಸಿ ನೀರನ್ನು ರೇಡಿಯೇಟರಿಗೆ ತಳ್ಳುವ ಹೋಸ್. ಕೆಳಗಿನ ಹೋಸ್ ವಾಟರ್ ಪಂಪಿನ ಸಕ್ಷನ್. ಅದಕ್ಕೇ ಬಹಳ ಕಾರುಗಳ ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಇಲ್ಲದೆಯೇ ತಡೆಯುವ ದಪ್ಪ ಮೌಲ್ಡೆಡ್ ಹೋಸ್‌ಗಳೂ ಇವೆ. ಎಲ್ಲಿಗೆ ಬೇಕಾದರೂ ಬಗ್ಗುವ ಸುಕ್ಕು ಹೋಸ್ ತಂದು ಕೆಳಗೆ ಹಾಕಿದರೆ ಮಾತ್ರ ಆ ಧೈರ್ಯ ಇಲ್ಲ.

ರಾಯಚೂರಿನ ಗೆಳೆಯರೊಬ್ಬರ ಕಾರು ಹೀಗೇ ಕಾಡಿತ್ತು. ಊರೊಳಗೆ ಓಡಿಸಿದರೆ ಸರಿ ಇರುತ್ತಿತ್ತು. ಹೈವೇಗೆ ಹೋಗಿ 80 ದಾಟಿದರೆ ಹೀಟ್ ತೋರಿಸುವ ಮುಳ್ಳು ಏರುತ್ತಿತ್ತು. ಬಿಸಿ ನೋಡಿ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಕಿತ್ತರು, ರೇಡಿಯೇಟರ್ ತೊಳೆಸಿದರು, ಫ್ಯಾನ್ ಬದಲಿಸಿದರು. ನಾನು ಬಾನೆಟ್ ತೆಗೆದು ನಿಂತು ಅವರಿಗೆ ರೇಸ್ ಮಾಡಲು ಹೇಳಿದೆ. ಕಣ್ಣೆದುರಿಗೇ ಕೆಳಗಿನ ಹೋಸ್ ಹೊಟ್ಟೆ ಒಳಗೆ ಎಳೆದುಕೊಂಡಿತು. ಇಂಜಿನ್ ಜೋರಾದಷ್ಟೂ ಪಂಪ್ ಜೋರಾಗಿ ಹೀರುತ್ತದೆ, ಹೋಸ್ ಅಷ್ಟೂ ಚಪ್ಪಟೆ. ಕಾಯಿಲೆ ಎಲ್ಲಿತ್ತು, ಮದ್ದು ಎಲ್ಲಿಗೆ ಹಾಕುತ್ತಿದ್ದರು ನೋಡಿ.

ಥರ್ಮೋಸ್ಟಾಟ್ ಮಾತು ಬಂತಲ್ಲ, ಒಂದು ಬೇಡಿಕೆ. ನಮ್ಮ ಕಡೆ ಇಂಜಿನ್ ಹೀಟ್ ಆದರೆ ಮೊದಲು ಅದನ್ನೇ ಕಿತ್ತು ಎಸೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಸುಮಾರು 82 ಡಿಗ್ರಿಯಲ್ಲಿ ತೆರೆಯುತ್ತದೆ, ಬಿಸಿ ಇಂಜಿನ್ನಿನಲ್ಲಿ ತೆರೆದೇ ಇರುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿ. ಬಿಸಿನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಟ್ಟರೆ ತೆರೆಯುತ್ತದೋ ಇಲ್ಲವೋ ಮನೆಯಲ್ಲೇ ಗೊತ್ತಾಗುತ್ತದೆ.

ಈಗ ಈ ತಂತಿ. ಎಂಟು ಗೇಜಿನ ಜಿಐ ತಂತಿ, ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕಕ್ಕೆ ಸಿಗುತ್ತದೆ. ಕಬ್ಬಿಣ ಕಟ್ಟುವ ತೆಳು ತಂತಿ ಬೇಡ, ಅದು ಆಕಾರ ಹಿಡಿಯುವುದಿಲ್ಲ. ಇಂಜಿನ್ ಕೂರಿಸಿ, ರೇಡಿಯೇಟರ್ ಕೂರಿಸಿ, ಕಂಡೆನ್ಸರ್ ಕೂರಿಸಿ, ಕಂಪ್ರೆಸರನ್ನು ಬರೀ ಮರದ ತುಂಡಿನ ಮೇಲೆ ಇಟ್ಟು ನೋಡಿ. ಇನ್ನೂ ವೆಲ್ಡಿಂಗ್ ಬೇಡ. ವಾಟರ್ ಪಂಪಿನ ಬಾಯಿಯ ನಟ್ಟನಡುವಿನಿಂದ ರೇಡಿಯೇಟರ್ ಮೂತಿಯ ನಟ್ಟನಡುವಿಗೆ ತಂತಿ ಬಗ್ಗಿಸಿ. ತಂತಿ ಅಂದರೆ ಹೋಸಿನ ನಡುಗೆರೆ. ಒಂದೂವರೆ ಇಂಚಿನ ಹೋಸಿಗೆ ರಬ್ಬರ್ ದಪ್ಪ ಸೇರಿ ಹೊರಗೆ ಎರಡು ಇಂಚಿನ ಹತ್ತಿರ ಬರುತ್ತದೆ. ಹಾಗಾಗಿ ತಂತಿಯ ಸುತ್ತ ಎಲ್ಲ ಕಡೆ ಒಂದು ಇಂಚು ಹೋಸಿಗೇ ಬೇಕು. ಅದರ ಮೇಲೆ ಓಲಾಡಲು ಇನ್ನೊಂದು ಇಂಚು. ಬೆಲ್ಟ್, ಪುಲ್ಲಿ ಪಕ್ಕದಲ್ಲಿ ಇದಕ್ಕಿಂತ ಕಡಿಮೆ ಬಿಡಲೇಬೇಡಿ. ತಂತಿಗೆ ಪೈಪ್ ಮೇಲೆ ಸುತ್ತುವ ಸ್ಪಾಂಜ್ ತೊಡಿಸಿದರೆ ನಿಜವಾದ ದಪ್ಪವೂ ಕಣ್ಣಿಗೆ ಕಾಣುತ್ತದೆ.

ತಂತಿ ಸರಿ ಬಂದ ಮೇಲೆ ಅದನ್ನೇ ಹಿಡಿದು ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋಗಿ. ಇಂಥ ಕಾರಿನ ಹೋಸ್ ಬೇಕು ಅಂತ ಕೇಳಬೇಡಿ. ನಿಮ್ಮ ಕಾರಿಗೆ ಅಂತ ಮಾಡಿದ ಹೋಸ್ ಯಾವ ಅಂಗಡಿಯಲ್ಲೂ ಇಲ್ಲ. ಒಳಗಿನ ಅಳತೆ ಹೇಳಿ, ತಂತಿ ತೋರಿಸಿ, ಗೋಡೆಗೆ ನೇತುಹಾಕಿದ ಹೋಸ್‌ಗಳಲ್ಲಿ ಬಾಗು ಹೊಂದುವುದನ್ನು ಹುಡುಕಿ. ಟ್ರಾಕ್ಟರ್, ಜೀಪ್, ವ್ಯಾನ್, ಯಾವುದರದ್ದಾದರೂ ಇರಲಿ. ಉದ್ದನೆಯ ಹೋಸಿನ ನಡುವಿನ ಒಂದು ಬಾಗು ಮಾತ್ರ ಕತ್ತರಿಸಿ ತೆಗೆದುಕೊಂಡರೂ ಆಯಿತು. ಅಂಗಡಿಯವರು ಬೇಜಾರು ಮಾಡಿಕೊಳ್ಳದ ಹೊತ್ತು ನೋಡಿ ಹೋಗಿ, ಮಧ್ಯಾಹ್ನ ಎರಡರ ಮೇಲೆ ಒಳ್ಳೆಯದು.

ಒಂದೇ ಹೋಸಿನಲ್ಲಿ ಎರಡು ಮೂರು ಬಾಗು ಸಿಗದಿದ್ದಾಗ ಈ ಸ್ಟೀಲ್ ಪೈಪ್ ಕೆಲಸಕ್ಕೆ ಬರುತ್ತದೆ. ನನಗೆ ಇದೇ ಎಲ್ಲಕ್ಕಿಂತ ಇಷ್ಟ. ಇಕ್ಕಟ್ಟು ಜಾಗದಲ್ಲಿ ಲೋಹದ ಪೈಪ್ ಹಾಯಿಸಿ, ಎರಡೂ ತುದಿಗೆ ಗಿಡ್ಡ ರಬ್ಬರ್ ಬಾಗು ಹಾಕುವುದು. ಲೋಹದ ಗೋಡೆ ತೆಳು, ಆದ್ದರಿಂದ ಅದೇ ಒಳಅಳತೆಗೆ ಕಡಿಮೆ ಜಾಗ ಸಾಕು. ಪಂಪ್ ಎಳೆದರೆ ಚಪ್ಪಟೆ ಆಗುವುದಿಲ್ಲ. ಪಂಪ್ ಬಾಯಿ ಒಂದು ಅಳತೆ, ರೇಡಿಯೇಟರ್ ಮೂತಿ ಇನ್ನೊಂದು ಅಳತೆ ಇದ್ದರೆ ಲೇತಿನಲ್ಲಿ ಪೈಪನ್ನೇ ಮೆಟ್ಟಿಲು ಮಾಡಿಸಬಹುದು. ಸ್ಟೇನ್‌ಲೆಸ್ ಆದರೆ ಒಳ್ಳೆಯದು, ಮಾಮೂಲಿ ಕಬ್ಬಿಣ ಒಳಗಿಂದ ತುಕ್ಕು ಹಿಡಿದು ರೇಡಿಯೇಟರಿಗೆ ಕೆಸರು ಕಳಿಸುತ್ತದೆ. ತುದಿಯಲ್ಲಿ ಈ ತುಟಿ ಇರಲೇಬೇಕು. ನಯವಾದ ಪೈಪಿನ ಮೇಲಿಂದ ಬಿಸಿ ಹೋಸ್ ಒತ್ತಡಕ್ಕೆ ಜಾರಿ ಬರುತ್ತದೆ. ಹೋಸ್ ತುಟಿ ದಾಟಿ ಒಂದು ಇಂಚಾದರೂ ಒಳಗೆ ಹೋಗಬೇಕು. ಕ್ಲಿಪ್ ಬರಬೇಕಾದದ್ದು ತುಟಿಯ ಹಿಂದೆ. ತುಟಿಯ ಮೇಲೆಯೇ ಬಿಗಿದರೆ ರಬ್ಬರ್ ಕತ್ತರಿಸುತ್ತದೆ.

ಇನ್ನೊಂದು ಸಂಗತಿ ಬಹಳ ಜನ ಬಿಡುತ್ತಾರೆ. ಆ ಲೋಹದ ಪೈಪಿಗೆ ಆಸರೆ ಬೇಕು, ಆದರೆ ಒಂದೇ ಕಡೆಯಿಂದ. ಇಂಜಿನ್ನಿಗೆ ಬಿಗಿದರೆ ಪೂರ್ತಿ ಇಂಜಿನ್ನಿಗೇ ಬಿಗಿಯಿರಿ. ಆಗ ಅದು ಇಂಜಿನ್ ಜೊತೆ ಓಲಾಡುತ್ತದೆ, ರೇಡಿಯೇಟರ್ ಕಡೆಯ ರಬ್ಬರ್ ಆ ಓಲಾಟ ತಡೆದುಕೊಳ್ಳುತ್ತದೆ. ಒಂದು ಕ್ಲಾಂಪ್ ಇಂಜಿನ್ನಿಗೆ, ಇನ್ನೊಂದು ಬಾಡಿಗೆ ಹಾಕಿದರೆ ಎರಡರ ನಡುವೆ ಪೈಪ್ ದಿನಾ ತಿರುಚಿಕೊಂಡು ವೆಲ್ಡ್ ಬಿಡುತ್ತದೆ.

ಇಷ್ಟಾದರೂ ದಾರಿ ಸಿಗದಿದ್ದರೆ? ನನ್ನ ಕಾರಿನಲ್ಲಿ ಸಿಗಲಿಲ್ಲ. ಎರಡು ದಿನ ತಂತಿ ಬಗ್ಗಿಸಿ ಸಾಕಾಗಿತ್ತು. ಆಗ ನಮ್ಮ ಊರಿನ ಒಬ್ಬ ಹಿರಿಯ ರೇಡಿಯೇಟರ್ ಮೇಸ್ತ್ರಿ, ಅದಿರು ಲಾರಿಗಳ ರೇಡಿಯೇಟರ್ ಬೆಸುಗೆ ಮಾಡಿ ಕೈ ಪಳಗಿದವರು, ನಿಂತು ನೋಡಿದರು. "ಈ ಮೂತಿ ತಗದು ಆ ಕಡೆ ಹಾಕಿದ್ರ ಮುಗೀತಲ್ಲ ತಮ್ಮಾ, ಹೋಸಿಗೆ ಯಾಕ ಅಷ್ಟು ತ್ರಾಸ ಕೊಡ್ತಿ?" ಅಂದರು. ತಾಮ್ರ ಹಿತ್ತಾಳೆಯ ಹಳೆ ರೇಡಿಯೇಟರಿನ ದೊಡ್ಡ ಗುಣ ಇದು. ಕೆಳಗಿನ ಟ್ಯಾಂಕಿನ ಮೂತಿ ಬಿಚ್ಚಿ, ಆ ತೂತು ಮುಚ್ಚಿ, ಕಂಪ್ರೆಸರ್ ಇಲ್ಲದ ಪಕ್ಕಕ್ಕೆ ಮೂತಿ ಬೆಸೆದು ಕೊಟ್ಟರು. ಅರ್ಧ ದಿನದ ಕೆಲಸ. ಇವತ್ತಿನ ಪ್ಲಾಸ್ಟಿಕ್ ಟ್ಯಾಂಕಿನ ಅಲ್ಯೂಮಿನಿಯಂ ರೇಡಿಯೇಟರಿನಲ್ಲಿ ಇದು ಆಗುವ ಮಾತಲ್ಲ. ಹಾಗಾಗಿ ಹಳೆ ರೇಡಿಯೇಟರ್ ಗುಜರಿಗೆ ಹಾಕುವ ಮೊದಲು ಒಮ್ಮೆ ಅಂಥ ಮೇಸ್ತ್ರಿಗೆ ತೋರಿಸಿ. ಈ ಕೈಗಳು ನಮ್ಮ ಊರಿನಲ್ಲಿ ಇನ್ನೂ ಇವೆ. ಮುಂದಿನ ಹುಡುಗರು ಕಲಿಯದಿದ್ದರೆ ಇರುವುದಿಲ್ಲ.

ಎಸಿ ಪೈಪ್‌ಗಳ ಮಾತು. ಕಂಪ್ರೆಸರಿಗೆ ಬರುವ ದಪ್ಪ ಪೈಪ್ ತಣ್ಣಗಿರುತ್ತದೆ, ಬೆವರುತ್ತದೆ. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪ್ ಕೈ ಇಡಲಾಗದಷ್ಟು ಬಿಸಿ, ನಮ್ಮ ಬೇಸಿಗೆಯಲ್ಲಿ ಅದರೊಳಗೆ ಚದರ ಇಂಚಿಗೆ 200 ಪೌಂಡಿಗೂ ಮೇಲೆ ಒತ್ತಡ. ತಣ್ಣನೆ ಪೈಪನ್ನು ನೀರಿನ ಹೋಸಿಗೆ ಒರಗಿಸಿದರೆ ದುಡ್ಡು ಕೊಟ್ಟು ಮಾಡಿದ ತಂಪನ್ನು ಇಂಜಿನ್ ನೀರಿಗೆ ಕೊಟ್ಟ ಹಾಗೆ. ದೂರ ಇಡಿ, ಆಗದಿದ್ದರೆ ಸ್ಪಾಂಜ್ ಸುತ್ತಿ. ಬಿಸಿ ಪೈಪ್ ಮೇಲಿನ ಹೋಸಿನ ಪಕ್ಕದಲ್ಲಿ ಹೋದರೆ ಬಿಸಿಯಿಂದ ತೊಂದರೆ ಇಲ್ಲ, ಉಜ್ಜಬಾರದು ಅಷ್ಟೇ. ಜಾಗಕ್ಕೆ ಜಗಳ ಬಂದರೆ ಸರಿಯಬೇಕಾದದ್ದು ಎಸಿ ಪೈಪ್. ಅದು ತೆಳು, ಬೇಕಾದ ಉದ್ದಕ್ಕೆ ಪ್ರೆಸ್ ಮಾಡಿಸಬಹುದು, ತುದಿಯ ಫಿಟ್ಟಿಂಗ್ ಬೇರೆ ಕೋನದ್ದು ಸಿಗುತ್ತದೆ. ಇದೆಲ್ಲ ಗ್ಯಾಸ್ ತುಂಬುವ ಮೊದಲೇ ಆಗಬೇಕು. ತುಂಬಿದ ಮೇಲೆ ಗ್ಯಾಸನ್ನು ಮಷಿನ್ನಿನಿಂದ ತೆಗೆಸದೆ ಪೈಪ್ ಬಿಚ್ಚಬೇಡಿ. ಕೈಗೂ ಕಣ್ಣಿಗೂ ಅಪಾಯ, ಗಾಳಿಗೆ ಬಿಟ್ಟರೆ ವಾತಾವರಣಕ್ಕೂ ಕೆಟ್ಟದ್ದು.

ಪಂಪ್‌ಸೆಟ್ಟಿಗೆ ಏರ್ ಹಿಡಿದುಕೊಂಡರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಮೋಟರ್ ತಿರುಗುತ್ತದೆ, ನೀರು ಬರುವುದಿಲ್ಲ. ಮೇಲಿನ ಹೋಸ್ ಕಂಪ್ರೆಸರನ್ನೋ ಎಸಿ ಪೈಪನ್ನೋ ದಾಟಲು ಗುಡ್ಡದ ಹಾಗೆ ಮೇಲೆದ್ದು ಇಳಿದರೆ ಆ ಗುಡ್ಡದ ತುದಿಯಲ್ಲಿ ಗಾಳಿ ಕೂರುತ್ತದೆ. ಹೋಸ್ ಇಂಜಿನ್ನಿನಿಂದ ರೇಡಿಯೇಟರ್ ತಲೆಗೆ ಒಂದೇ ಸಮ ಏರಬೇಕು. ನೀರು ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಬೇರೆ ಇಂಜಿನ್ ರೇಡಿಯೇಟರಿಗಿಂತ ಎತ್ತರ ಕೂತಿದ್ದರೆ ಅದಕ್ಕೂ ಮೇಲೆ ಒಂದು ಸಣ್ಣ ಟ್ಯಾಂಕ್ ಕೂರಿಸಿ, ಅಲ್ಲಿಂದ ತುಂಬಿ. ಥರ್ಮೋಸ್ಟಾಟ್ ಅಂಚಿಗೆ 3 ಮಿಲಿಮೀಟರಿನ ಒಂದು ತೂತು ಕೊರೆದು, ಆ ತೂತು ಮೇಲಕ್ಕೆ ಬರುವ ಹಾಗೆ ಕೂರಿಸಿದರೆ ಗಾಳಿ ತಾನೇ ಹೊರಡುತ್ತದೆ.

ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಸವುಳು ನೀರು ಕೊಡದಲ್ಲಿ ಬಿಳಿ ಪದರ ಕಟ್ಟುವುದನ್ನು ದಿನಾ ನೋಡುತ್ತೇವಲ್ಲ, ರೇಡಿಯೇಟರ್ ಕೊಳವೆಯಲ್ಲೂ ಅದೇ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿಗೆ ಮೂರರಲ್ಲಿ ಒಂದು ಪಾಲು ಕೂಲೆಂಟ್ ಸಾಕು. ಇಲ್ಲಿ ನೀರು ಹೆಪ್ಪುಗಟ್ಟುವ ಭಯ ಇಲ್ಲ, ತುಕ್ಕು ತಡೆಯಬೇಕು ಅಷ್ಟೇ. ರೇಡಿಯೇಟರ್ ಕ್ಯಾಪ್ ಸಣ್ಣ ಸಾಮಾನು, ಆದರೆ ಪ್ರತಿ ಒಂದು ಪೌಂಡ್ ಒತ್ತಡಕ್ಕೆ ನೀರು ಕುದಿಯುವ ಮಟ್ಟ ಸುಮಾರು ಒಂದೂವರೆ ಡಿಗ್ರಿ ಮೇಲೇರುತ್ತದೆ. 7 ಪೌಂಡ್ ಕ್ಯಾಪ್ ಇದ್ದರೆ ಬರೀ ನೀರೂ 110 ಡಿಗ್ರಿವರೆಗೆ ಕುದಿಯುವುದಿಲ್ಲ. ಹಾಗಂತ ಹಳೆ ಬೆಸುಗೆಯ ರೇಡಿಯೇಟರಿಗೆ 15 ಪೌಂಡ್ ಕ್ಯಾಪ್ ಹಾಕಿದರೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ಮೇಸ್ತ್ರಿಯನ್ನು ಕೇಳಿ, ಅವರು ಒತ್ತಡ ಕೊಟ್ಟು ನೋಡಿ ಹೇಳುತ್ತಾರೆ.

ಎಲ್ಲ ಕೂರಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. ಇಂಜಿನ್ ಆಫ್ ಇರಲಿ. ಮರದ ತುಂಡು ಸಂದಿಗೆ ಇಟ್ಟು ಇಂಜಿನ್ನನ್ನು ಆ ಪಕ್ಕ ಈ ಪಕ್ಕ ಒತ್ತಿ, ಹೋಸಿನ ಜಾಗ ಎಷ್ಟು ಕಡಿಮೆ ಆಗುತ್ತದೆ ನೋಡಿ. ಬ್ರಾಕೆಟ್ ಹತ್ತಿರ ಹೋಸಿನ ಮೇಲೆ ಚಪಾತಿ ಹಿಟ್ಟಿನ ಉಂಡೆ ಅಂಟಿಸಿ, ಒಂದು ಸುತ್ತು ಓಡಿಸಿ ಬಂದು ನೋಡಿ. ಒತ್ತಿದ ಗುರುತು ಇದ್ದರೆ ಜಾಗ ಸಾಲದು. ಬೆಲ್ಟ್ ಹತ್ತಿರ ಮಾತ್ರ ಹಿಟ್ಟು ಇಡಬೇಡಿ. ನಾನು ಅವತ್ತು ಹೊಸಪೇಟೆಗೆ ಹೊರಡುವ ಮೊದಲು ಈ ಹತ್ತು ನಿಮಿಷದ ಕೆಲಸ ಮಾಡಿದ್ದರೆ ಅಮ್ಮ ಬಿಸಿಲಲ್ಲಿ ಕೂರುತ್ತಿರಲಿಲ್ಲ.

ಕೊನೆಗೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ಹುಡುಗ, ಹೋಸ್ ಯಾವಾಗ ಬದಲಿಸಬೇಕು ಸರ್ ಅಂತ ಕೇಳಿದ. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗಿಂದ ಕೆಡುತ್ತದೆ, ಅದೂ ಹೆಚ್ಚಾಗಿ ತುದಿಗಳ ಹತ್ತಿರ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕ್ಲಿಪ್ ಹತ್ತಿರ ಬೆರಳಿನಿಂದ ಒತ್ತಿ, ನಡುವೆ ಒತ್ತಿ. ತುದಿ ಮೆತ್ತಗಿದ್ದು ನಡು ಗಟ್ಟಿ ಇದ್ದರೆ ಬದಲಿಸಿ. ಆಯಿಲ್ ಸೋರಿ ಹೋಸ್ ಮೇಲೆ ಬೀಳುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಈ ರಬ್ಬರಿಗೆ ಆಯಿಲ್ ಆಗದು. ಊದಿಕೊಂಡು ಮೆತ್ತಗಾಗುತ್ತದೆ.

ಕೊಪ್ಪಳದಿಂದ ಬಂದ ಒಬ್ಬರು ತಮ್ಮ ಪ್ರೀಮಿಯರ್ ಪದ್ಮಿನಿ ಕಾರಿಗೆ ಬೇರೆ ಇಂಜಿನ್ ಹಾಕಿ ಎಸಿ ಹಾಕಬಹುದಾ ಅಂತ ಕೇಳಿದರು. 1089 ಸಿಸಿ ಇಂಜಿನ್ನಿಗೆ ಅಂತ ಮಾಡಿದ ಜಾಗ ಅದು, ಅಂಬಾಸಿಡರ್ ಬಾನೆಟ್ಟಿನಷ್ಟು ಸಲೀಸಿಲ್ಲ. ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಅವರ ಇಂಜಿನ್ ಕೂತಿದೆ, ಕಂಪ್ರೆಸರ್ ಇನ್ನೂ ಡಬ್ಬಿಯಲ್ಲೇ ಇದೆ, ಬ್ರಾಕೆಟ್ ಆಗಿಲ್ಲ. ಅದನ್ನು ಕೇಳಿ ನನಗೆ ಬಹಳ ಸಂತೋಷ ಆಯಿತು. ಮುಂದಿನ ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಕಾರು ತನ್ನಿ, ತಂತಿ ನಾನು ತರುತ್ತೇನೆ ಅಂತ ಹೇಳಿದ್ದೇನೆ.